ಮೂರು ತಿಂಗಳಿಗೊಮ್ಮೆ ನಿಮ್ಮ ಮೈಯನ್ನೂ ಅಳತೆ ಮಾಡಿಕೊಳ್ಳಿ

ಮಾನ್ಯ ಸಂಪಾದಕರೇ,

2025ರ ಜುಲೈ ತಿಂಗಳು ನೆನಪಿದೆ ಅಲ್ವಾ? ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಇಲ್ಲಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗ್ಗೆ ಬೆಳಗ್ಗೆಯೇ ಸಾಲು ನಿಂತಿದ್ದರು. ನನ್ನ ಅಂಗಡಿಗೆ ಬರುವವರಲ್ಲೂ ಎಷ್ಟೋ ಜನ ಹೋಗಿ ಬಂದರು. ಹೆಚ್ಚಿನವರಿಗೆ ಏನೂ ತೊಂದರೆ ಇಲ್ಲ ಅಂತ ರಿಪೋರ್ಟ್ ಬಂತು, ಒಳ್ಳೆಯದೇ ಆಯಿತು. ಆದರೆ ಆಮೇಲೆ? ಫೈಲು ಬೀರು ಸೇರಿತು. ಎರಡು ವಾರದಲ್ಲಿ ಹೆದರಿಕೆಯೂ ಇಳಿಯಿತು. ಮತ್ತೆ ಯಾರೂ ಆ ಕಡೆ ತಿರುಗಿ ನೋಡಲಿಲ್ಲ.

ರಿಪೋರ್ಟ್ ಹೇಳುವುದು ಕಾಯಿಲೆ ಇದೆಯೋ ಇಲ್ಲವೋ ಅನ್ನುವುದನ್ನು. ನಿಮ್ಮ ಕಾಲು ನಿಮ್ಮನ್ನು ಎಷ್ಟು ಹೊತ್ತು ಹೊರುತ್ತದೆ, ಎರಡು ಮಹಡಿ ಹತ್ತಿದರೆ ಉಸಿರು ಎಲ್ಲಿಗೆ ಬರುತ್ತದೆ, ಎಡವಿದರೆ ಸಾವರಿಸಿಕೊಳ್ಳುತ್ತೀರೋ ಬೀಳುತ್ತೀರೋ, ಇದನ್ನು ಯಾವ ರಕ್ತ ಪರೀಕ್ಷೆಯೂ ಹೇಳುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು. ನೋಡಿಕೊಳ್ಳುವುದಕ್ಕೆ ಒಂದು ಕುರ್ಚಿ, ಒಂದು ಟೇಪು, ಒಂದು ಗಡಿಯಾರ ಸಾಕು. ನನಗೆ ಇದು ತಡವಾಗಿ ಗೊತ್ತಾಯಿತು, ಅದಕ್ಕೇ ಈ ಪತ್ರ.

ನಾನು ಸರಸ್ವತಿಪುರಂನಲ್ಲಿ 22 ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಬೆಳಗ್ಗೆಯಿಂದ ರಾತ್ರಿವರೆಗೆ ಕೈಯಲ್ಲಿ ಟೇಪು. ನನ್ನ ಹತ್ತಿರ ಹಳೆಯ ಅಳತೆ ಪುಸ್ತಕಗಳೆಲ್ಲ ಇವೆ, ಒಂದನ್ನೂ ಎಸೆದಿಲ್ಲ. ಅವನ್ನು ತಿರುವಿ ಹಾಕಿದರೆ ನಮ್ಮ ಬೀದಿಯ ಹೆಂಗಸರ ಮೈ ಹೇಗೆ ಹೇಗೆ ಬದಲಾಯಿತು ಅಂತ ಸಾಲಾಗಿ ಕಾಣುತ್ತದೆ. ಮದುವೆಯಲ್ಲಿ 28 ಇಂಚು ಸೊಂಟ ಇದ್ದವರು ಮಗು ಆದ ಮೇಲೆ 31, ಆಮೇಲೆ 34, ಈಗ 38. ಒಂದೇ ಸಲ ಹತ್ತು ಇಂಚು ಯಾರಿಗೂ ಹೆಚ್ಚುವುದಿಲ್ಲ. ವರ್ಷಕ್ಕೆ ಅರ್ಧ ಇಂಚು, ಮುಕ್ಕಾಲು ಇಂಚು. ಅದಕ್ಕೇ ಅವರಿಗೇ ಗೊತ್ತಾಗುವುದಿಲ್ಲ. "ಅಕ್ಕ, ಒಗೆದು ಒಗೆದು ಬ್ಲೌಸು ಕುಗ್ಗಿದೆ, ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಿಕೊಡಿ" ಅನ್ನುತ್ತಾರೆ. ನಾನು ಸಡಿಲ ಮಾಡಿ ಕೊಟ್ಟಿದ್ದೇನೆ, ಬಾಯಿ ಬಿಟ್ಟು ಹೇಳಲಿಲ್ಲ. ಇನ್ನೊಂದು ಗಮನಿಸಿದ್ದೇನೆ. ಬ್ಲೌಸಿಗೆ ಹಿಂದೆ ಹುಕ್ಕು ಇಡಿಸಿಕೊಳ್ಳುತ್ತಿದ್ದವರು ಒಂದು ವಯಸ್ಸಿಗೆ ಬಂದಾಗ "ಮುಂದೆ ಇಡಿ ಅಕ್ಕ, ಕೈ ಹಿಂದಕ್ಕೆ ಹೋಗಲ್ಲ" ಅನ್ನುತ್ತಾರೆ. ಭುಜ ಬಿಗಿಯಾಗಿದೆ ಅಂತ ಅದರ ಅರ್ಥ. ಒಂದು ಕೈ ಭುಜದ ಮೇಲಿಂದ, ಇನ್ನೊಂದು ಕೈ ಕೆಳಗಿಂದ ಬೆನ್ನ ಹಿಂದೆ ಹೋಗಿ ಬೆರಳು ಮುಟ್ಟುತ್ತವೆಯಾ ಅಂತ ನೋಡುವ ಪರೀಕ್ಷೆಯೇ ಇದೆ, ಕೇಂದ್ರ ಸರ್ಕಾರದ ಫಿಟ್ ಇಂಡಿಯಾದವರು 65 ದಾಟಿದವರಿಗೆ ಹೇಳಿರುವ ಪರೀಕ್ಷೆಗಳಲ್ಲಿ ಅದೂ ಒಂದು. ನನ್ನ ಗಿರಾಕಿಗಳು ನನ್ನ ಅಂಗಡಿಯಲ್ಲೇ ಆ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಿದ್ದರು, ಅದು ಪರೀಕ್ಷೆ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಅಳೆದವಳು ನನ್ನನ್ನು ನಾನು ಒಂದು ದಿನವೂ ಅಳೆದುಕೊಂಡಿರಲಿಲ್ಲ. 2024ರ ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು ಅದು. ಮೊದಲೆಲ್ಲ ಅಕ್ಕಪಕ್ಕದವರ ಜತೆ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತಿದವಳು ನಾನು. ಸುಮ್ನೆ ಹತ್ತಿದರೆ 40 ನಿಮಿಷ ಸಾಕಾಗುತ್ತಿತ್ತು. ನಡುವೆ ಮೂರು ವರ್ಷ ಹೋಗಿರಲಿಲ್ಲ. ಆ ಸಲ ನಂದಿ ಸಿಗುವುದರೊಳಗೆ ಮೂರು ಕಡೆ ಕೂತೆ. ತೊಡೆ ನಡುಗುತ್ತಿತ್ತು. ಮೇಲೆ ಮುಟ್ಟಿದಾಗ ಒಂದೂಕಾಲು ಗಂಟೆ ಆಗಿತ್ತು. ತಾಯಿ ಮುಂದೆ ನಿಂತಾಗ ಅಳು ಬಂತು. ಹಿಂದಿನ ತಿಂಗಳಷ್ಟೇ ಒಂದು ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್ ಎಲ್ಲ ನೋಡಿಸಿದ್ದೆ, ಎಲ್ಲ ಸರಿ ಇದೆ ಅಂದಿದ್ದರು. ಎಲ್ಲ ಸರಿ ಇದ್ದರೆ ಇದು ಏನು?

ನನ್ನ ಗಿರಾಕಿಯೊಬ್ಬರು ಫಿಸಿಯೋಥೆರಪಿಸ್ಟ್. ಸೀರೆಗೆ ಫಾಲ್ ಹಾಕಿಸಲು ಬಂದಾಗ ಇದನ್ನು ಹೇಳಿದೆ. ಅವರು ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟರು. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂರುತ್ತೀರಿ ನೋಡೋಣ ಅಂದರು. ಆಗ ನನಗೆ 51. ಹತ್ತು ಸಲ ಆಯಿತು, ಹನ್ನೊಂದಕ್ಕೆ ಏಳಲು ಆಗಲಿಲ್ಲ. ಆಮೇಲೆ ಅವರು ಹೇಳಿದರು. 60ರಿಂದ 64 ವಯಸ್ಸಿನ ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ, ಅದೇ ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ಅಂದರೆ ನನ್ನ ತೊಡೆಗೆ ನನಗಿಂತ ಹತ್ತು ವರ್ಷ ಜಾಸ್ತಿ ವಯಸ್ಸಾಗಿತ್ತು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಭಾಗದಷ್ಟು ಮಾಂಸಖಂಡ ಕರಗುತ್ತದಂತೆ, ಕೂತೇ ಕೆಲಸ ಮಾಡುವವರಿಗೆ ಇನ್ನೂ ಬೇಗ. ತೂಕದ ಮೆಷಿನ್ನಿಗೆ ಇದು ಸಿಗುವುದಿಲ್ಲ. ಖಂಡ ಇಳಿದು ಕೊಬ್ಬು ಏರಿದರೆ ಮುಳ್ಳು ಅಲ್ಲೇ ನಿಂತಿರುತ್ತದೆ.

ಅವರ ಕ್ಲಿನಿಕ್ಕಿನಲ್ಲಿ ಕೈ ಹಿಡಿತ ಅಳೆಯುವ ಒಂದು ಉಪಕರಣ ಇದೆ, ಅದನ್ನೂ ಹಿಡಿಸಿದರು. ದಿನವಿಡೀ ಕತ್ತರಿ ಹಿಡಿಯುವ ಕೈ, ಅದರಲ್ಲಿ ನಾನು ಚೆನ್ನಾಗಿಯೇ ಇದ್ದೆ. ಈ ಹಿಡಿತ ಸುಮ್ನೆ ಅಲ್ಲ. 17 ದೇಶಗಳ ಸುಮಾರು 1,40,000 ಜನರನ್ನು ನೋಡಿದ ಒಂದು ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಅದರಲ್ಲಿ ನಮ್ಮ ದೇಶದವರೂ ಇದ್ದರು. ಹಿಡಿತ 5 ಕೆ.ಜಿ. ಕಡಿಮೆ ಇದ್ದಷ್ಟೂ ಸಾವಿನ ಅಪಾಯ ಶೇ 16ರಷ್ಟು ಜಾಸ್ತಿ ಕಂಡಿತು. ಆದರೆ ನನ್ನ ವಿಷಯದಲ್ಲಿ ಕೈ ಗಟ್ಟಿ, ಕಾಲು ಸೋತಿದೆ. ಕೈ ಒಂದನ್ನೇ ನೋಡಿದ್ದರೆ ನಾನು ಗಟ್ಟಿಮುಟ್ಟಾಗಿದ್ದೇನೆ ಅಂದುಕೊಂಡು ಮನೆಗೆ ಹೋಗುತ್ತಿದ್ದೆ. ಅದಕ್ಕೇ ಒಂದೇ ಪರೀಕ್ಷೆ ಸಾಲದು.

ಅವತ್ತಿನಿಂದ ಮೂರು ತಿಂಗಳಿಗೊಮ್ಮೆ, ಆ ತಿಂಗಳ ಮೊದಲ ಭಾನುವಾರ, ನನ್ನನ್ನು ನಾನು ಅಳೆಯುತ್ತೇನೆ. ಅಳತೆ ಪುಸ್ತಕದಲ್ಲೇ ನನಗೊಂದು ಪುಟ ಮಾಡಿಕೊಂಡಿದ್ದೇನೆ. ಬೆಳಗ್ಗೆ ಹಾಸಿಗೆ ಬಿಟ್ಟು ಏಳುವ ಮೊದಲೇ ನಾಡಿ. ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಹೆಬ್ಬೆರಳು ಇಡಬಾರದು, ಅದರದೇ ಮಿಡಿತ ಲೆಕ್ಕ ತಪ್ಪಿಸುತ್ತದೆ. ದೊಡ್ಡವರಿಗೆ 60ರಿಂದ 100ರೊಳಗೆ ಇದ್ದರೆ ಸರಿ ಅನ್ನುತ್ತಾರೆ. ನನ್ನದು ಮೊದಲ ಸಲ 84 ಇತ್ತು, ಈಗ 74. ನಡೆದು ನಡೆದು ಹೃದಯ ಗಟ್ಟಿಯಾದರೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಅದಕ್ಕೆ ಅಷ್ಟು ಸಲ ಬಡಿದುಕೊಳ್ಳುವ ಅಗತ್ಯ ಬರುವುದಿಲ್ಲ. ಆಮೇಲೆ ಹೊಟ್ಟೆ ಸುತ್ತಳತೆ. ಇದು ನನ್ನ ಕಸುಬು, ಆದ್ದರಿಂದ ಸರಿಯಾಗಿ ಹೇಳುತ್ತೇನೆ. ಬ್ಲೌಸಿಗೆ ತೆಗೆದುಕೊಳ್ಳುವ ಸೊಂಟ ಬೇರೆ, ಇದು ಬೇರೆ. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಟ್ಟನಡುವೆ ಟೇಪು ಬರಬೇಕು, ಉಸಿರು ಸಹಜವಾಗಿ ಹೊರಗೆ ಬಿಟ್ಟು ನಿಲ್ಲಬೇಕು, ಟೇಪು ಬಿಗಿಯಬಾರದು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಸುಮಾರು 31 ವರೆ ಇಂಚು ಮಿತಿ. ಗಂಡಸರಿಗೆ 90, ಅಂದರೆ 35 ವರೆ ಇಂಚು. ಗಂಡಸರು ಪ್ಯಾಂಟಿನ ಸೈಜ್ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಪ್ಯಾಂಟು ಹೊಟ್ಟೆಯ ಕೆಳಗೆ ಇರುತ್ತದೆ. ಆ ಸೈಜು ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು. 2022ರಲ್ಲಿ ಬ್ರೆಜಿಲ್‌ನವರ ಒಂದು ಅಧ್ಯಯನ ಬಂತು. 51ರಿಂದ 75 ವಯಸ್ಸಿನ 1,702 ಜನರನ್ನು ನೋಡಿದ್ದರು. 10 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲು ಆಗದವರಲ್ಲಿ ಮುಂದಿನ ಸುಮಾರು ಏಳು ವರ್ಷದಲ್ಲಿ ಸಾವಿನ ಅಪಾಯ ಶೇ 84ರಷ್ಟು ಜಾಸ್ತಿ ಇತ್ತು. ಇದನ್ನು ಓದಿ ಯಾರೂ ಹೆದರಬೇಡಿ. ಕಾಲು ಅಲ್ಲಾಡಿದ ತಕ್ಷಣ ಆಯಸ್ಸು ಮುಗಿಯಿತು ಅಂತಲ್ಲ. ಕಣ್ಣು, ಕಿವಿಯೊಳಗಿನ ಸಮತೋಲ, ನರ, ಖಂಡ ಎಲ್ಲವೂ ಒಟ್ಟಿಗೆ ಕೆಲಸ ಮಾಡಿದರೆ ಮಾತ್ರ ಒಂಟಿ ಕಾಲಲ್ಲಿ ನಿಲ್ಲಲು ಆಗುತ್ತದೆ, ಹಾಗಾಗಿ ಒಳಗೆ ಏನೋ ಸಡಿಲವಾಗಿದ್ದರೆ ಅದು ಇಲ್ಲಿ ಬೇಗ ಕಾಣುತ್ತದೆ. ನಾನು ಬಲಗಾಲಲ್ಲಿ 20 ಸೆಕೆಂಡ್ ನಿಂತೆ, ಎಡಗಾಲಲ್ಲಿ ಬರೀ 7. ಮೆಷಿನ್ನಿನ ಪೆಡಲ್ ಒತ್ತುವುದು ಬಲಗಾಲು, ಅದರಿಂದ ಇರಬಹುದು. ಈಗ ಹಲ್ಲುಜ್ಜುವಾಗ ದಿನಾ ಎಡಗಾಲಲ್ಲಿ ನಿಲ್ಲುತ್ತೇನೆ, ಪಕ್ಕದಲ್ಲಿ ಗೋಡೆ ಇರುತ್ತದೆ. ಈಗ ಎಡಗಾಲಲ್ಲೂ 25 ಸೆಕೆಂಡ್ ದಾಟಿದೆ.

ಕೊನೆಗೆ ಕುಕ್ಕರಹಳ್ಳಿ ಕೆರೆ. ಒಂದು ಸುತ್ತು 5 ಕಿ.ಮೀ. ಹತ್ತಿರ ಆಗುತ್ತದೆ. ಅದೇ ಗೇಟು, ಅದೇ ದಿಕ್ಕು, ಬೆಳಗ್ಗೆ ಅದೇ ಹೊತ್ತು, ಮಾತಿಲ್ಲದೆ ಬಿರುಸಾಗಿ ಒಂದು ಸುತ್ತು, ಸಮಯ ಬರೆದುಕೊಳ್ಳುವುದು ಅಷ್ಟೇ. ಮೊದಲ ಸಲ 68 ನಿಮಿಷ.

ಈ ಪುಟದಲ್ಲಿ ನನಗೆ ನಿಜವಾಗಿ ಉಪಕಾರ ಮಾಡಿದ್ದು ಮೇಲಕ್ಕೆ ಹೋದ ಅಂಕಿಗಳಲ್ಲ, ಕೆಳಕ್ಕೆ ಬಂದ ಒಂದು ಅಂಕಿ. ಕುರ್ಚಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ 10, ಡಿಸೆಂಬರ್‌ನಲ್ಲಿ 13. ಆಮೇಲೆ ಮದುವೆ ಕಾಲ ಶುರುವಾಯಿತು. ಬ್ಲೌಸುಗಳ ರಾಶಿ, ರಾತ್ರಿ ಹನ್ನೊಂದರವರೆಗೆ ಹೊಲಿಗೆ, ಬೆಳಗ್ಗೆ ಏಳಲು ಆಗುತ್ತಿರಲಿಲ್ಲ. ಆದರೂ ನಾನು ನಡೆಯುತ್ತಿದ್ದೇನೆ ಅಂತಲೇ ಮನಸ್ಸಿನಲ್ಲಿತ್ತು. ಮಾರ್ಚ್‌ನಲ್ಲಿ ಕೂತು ಎದ್ದರೆ 11! ಕೆರೆ ಸುತ್ತಿಗೂ ಐದು ನಿಮಿಷ ಜಾಸ್ತಿ ಬಂತು. ಮೈಗೆ ಏನೂ ಅನ್ನಿಸಿರಲಿಲ್ಲ, ನೋವಿಲ್ಲ, ಸುಸ್ತಿಲ್ಲ. ಪುಸ್ತಕ ಇಲ್ಲದಿದ್ದರೆ ಇನ್ನೆರಡು ವರ್ಷ ಕಳೆದು ಮತ್ತೆ ಬೆಟ್ಟದ ಮೆಟ್ಟಿಲಲ್ಲಿ ಕೂತಾಗಲೇ ಗೊತ್ತಾಗುತ್ತಿತ್ತು. ಬರುವ ಆರ್ಡರ್ ಕಡಿಮೆ ಮಾಡಿಕೊಂಡೆ. ವಾರಕ್ಕೆ ಎರಡು ದಿನ ಕುರ್ಚಿ ಕಸರತ್ತು ಸೇರಿಸಿದೆ. ಜೂನ್‌ನಲ್ಲಿ 15 ಆಯಿತು. ಜುಲೈನಲ್ಲಿ ಮತ್ತೆ ಬೆಟ್ಟ ಹತ್ತಿದೆ. ಶುಕ್ರವಾರದ ನೂಕುನುಗ್ಗಲಿನಲ್ಲಿ ಸಮಯ ಲೆಕ್ಕಕ್ಕೆ ಬರಲ್ಲ ಅಂತ ಒಂದು ಬುಧವಾರ ಹೋದೆ. ಎಲ್ಲೂ ಕೂರಲಿಲ್ಲ, 50 ನಿಮಿಷ ಆಯಿತು. ಹಿಂದಿನ 40 ಇನ್ನೂ ಬಂದಿಲ್ಲ.

ನಮ್ಮ ಅತ್ತೆಯ ವಿಷಯವನ್ನೂ ಹೇಳಬೇಕು. ಅವರಿಗೆ 74, ಮಂಡ್ಯದ ಹತ್ತಿರ ಊರಿನಲ್ಲಿ ಮೈದುನನ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಹೋದಾಗ ಅವರಿಗೂ ಒಂದು ಪರೀಕ್ಷೆ ಮಾಡಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. "ನನ್ನೇನವ್ವ ಓಡುಸ್ತೀಯ ಈ ವಯಸ್ಸಲ್ಲಿ" ಅಂದರು. ಓಡೋದು ಬೇಡ, ದಿನಾ ನಡೆಯೋ ಹಂಗೇ ನಡೀರಿ ಅಂದೆ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಭಯ ಇದೆ ಅಂತ ಅರ್ಥ. ಅವರಿಗೆ 18 ಸೆಕೆಂಡ್ ಆಯಿತು, ಅದೂ ಎದ್ದ ತಕ್ಷಣ ಒಂದು ಗಳಿಗೆ ಹಾಗೇ ನಿಂತರು. ಯಾಕೆ ಅಂತ ಕೇಳಿದೆ. "ಎದ್ದೇಟ್ಗೆ ಕಣ್ಣು ಕತ್ಲೆ ಬತ್ತದೆ ಕನವ್ವ, ಅದೇನು ಹೊಸ್ದಲ್ಲ" ಅಂದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಕೂತಾಗ ಒಂದು ಸಲ, ನಿಂತಾಗ ಒಂದು ಸಲ ಬಿಪಿ ನೋಡಿದರು. ನಿಂತಾಗ ತುಂಬ ಇಳಿಯುತ್ತಿತ್ತು. ಬಿಪಿ ಮಾತ್ರೆಯನ್ನು ಬದಲಾಯಿಸಿದರು. ಕಣ್ಣಿಗೂ ತೋರಿಸಿ ಅಂದರು, ಎಡಗಣ್ಣಿನಲ್ಲಿ ಪೊರೆ ಬಂದಿತ್ತು, ಆಪರೇಷನ್ ಆಯಿತು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಮೈದುನ ಒಂದು ಕಂಬಿ ಹಾಕಿಸಿದ. ಈಗ 13 ಸೆಕೆಂಡ್. ಒಂದು ಗೋಡೆ ಗಡಿಯಾರ ಇಟ್ಟುಕೊಂಡು ಮಾಡಿದ ಪರೀಕ್ಷೆ ಇದು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಎಷ್ಟು ಅಜ್ಜಿಯರನ್ನು ನಾವು ನೋಡಿಲ್ಲ, ಅವರಲ್ಲಿ ಒಬ್ಬರಿಗಾದರೂ ಬೀಳುವ ಮೊದಲು ಯಾರಾದರೂ ಹೀಗೆ ಎದ್ದು ನಡೆಸಿ ನೋಡಿದ್ದರೆ ಅಂತ ನನಗೆ ಪದೇ ಪದೇ ಅನ್ನಿಸುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ಬೇಸರ ಇದೆ. ಫಿಟ್ ಇಂಡಿಯಾ ಆಂದೋಲನ ಶುರುವಾಗಿದ್ದು 2019ರ ಆಗಸ್ಟ್ 29ಕ್ಕೆ. 5ರಿಂದ 18 ವಯಸ್ಸಿನವರಿಗೆ, 18ರಿಂದ 65ರವರಿಗೆ, 65 ದಾಟಿದವರಿಗೆ ಅಂತ ಬೇರೆ ಬೇರೆ ಪರೀಕ್ಷೆ ಬರೆದಿದ್ದಾರೆ. ದೊಡ್ಡ ಮಕ್ಕಳಿಗೆ 50 ಮೀಟರ್ ಓಟ, 600 ಮೀಟರ್ ಓಟ, ಕೂತು ಮುಂದಕ್ಕೆ ಬಾಗುವುದು, ಪುಶ್‌ಅಪ್, ಹೀಗೆ. ಮೊಬೈಲ್ ಆ್ಯಪ್ ಕೂಡ ಪುಕ್ಕಟೆ ಇದೆ. ಆದರೆ ನನ್ನ ಮಗಳು ಓದುತ್ತಿದ್ದ ಶಾಲೆಯಲ್ಲಿ ಏನಾಯಿತು ಗೊತ್ತಾ? ಮಕ್ಕಳನ್ನು ಮೈದಾನಕ್ಕೇ ಬಿಡಲಿಲ್ಲ, ತರಗತಿಯಲ್ಲಿ ಕೂರಿಸಿಕೊಂಡು ಅಂದಾಜಿಗೆ ಅಂಕಿ ತುಂಬಿ ಕಳಿಸಿದರು. "ಅಮ್ಮ, ನಾನು ಓಡಲೇ ಇಲ್ಲ, ನನ್ನ ಹೆಸರಿನ ಮುಂದೆ ಟೈಮ್ ಬರೆದಿದ್ದಾರೆ" ಅಂತ ಅವಳು ಮನೆಗೆ ಬಂದು ಹೇಳಿದಾಗ ನನಗೆ ಹೊಟ್ಟೆ ಉರಿಯಿತು. ಗಣಿತದ ಅಂಕ ಹೀಗೆ ಅಂದಾಜಿಗೆ ಕೊಟ್ಟರೆ ನಾವು ಸುಮ್ಮನಿರುತ್ತೇವಾ? ಅಂಕಪಟ್ಟಿಯ ಜತೆಗೆ ಆ ಪರೀಕ್ಷೆಯ ನಿಜವಾದ ಅಂಕಿಯೂ ವರ್ಷಕ್ಕೆ ಎರಡು ಸಲ ಅಪ್ಪ ಅಮ್ಮನ ಕೈಗೆ ಬರಬೇಕು ಅಂತ ಪೋಷಕರ ಸಭೆಯಲ್ಲಿ ಕೇಳಿ.

ಹುಡುಗರ ಕಥೆ ಬೇರೆ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಹುಡುಗರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ. ನಮ್ಮೂರ ಕಡೆ ನಾಲೆ ಏರಿ ಮೇಲೆ ನಸುಕಿನಲ್ಲಿ ಎಷ್ಟು ಹುಡುಗರು ಓಡುತ್ತಾರೆ, ನೋಡುವುದಕ್ಕೇ ಖುಷಿ. ಆ ಟೈಮ್ ಅವರ ಬಾಯಲ್ಲೇ ಇರುತ್ತದೆ. ಆದರೆ ಕೆಲಸ ಸಿಕ್ಕರೂ ಸಿಗದಿದ್ದರೂ ಪರೀಕ್ಷೆ ಮುಗಿದ ಮರುದಿನ ಓಟ ನಿಂತುಹೋಗುತ್ತದೆ. ಅವರಲ್ಲಿ ಎಷ್ಟೋ ಜನ ಈಗ ಮೂವತ್ತೈದರಲ್ಲಿ ಒಂದು ಮಹಡಿ ಹತ್ತಿ ಏದುಸಿರು ಬಿಡುತ್ತಾರೆ.

ಒಂದೆರಡು ಎಚ್ಚರಿಕೆ. ಎದೆ ನೋವು, ತಲೆಸುತ್ತು, ಹೃದಯದ ತೊಂದರೆ ಇರುವವರು, ಬಸುರಿಯರು, ಮಂಡಿ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಏನೂ ಶುರು ಮಾಡಬೇಡಿ. ವಯಸ್ಸಾದವರ ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಜ್ವರ ಬಂದು ಎದ್ದ ವಾರ ಅಳೆಯಬೇಡಿ. ಪಕ್ಕದ ಮನೆಯವರ ಅಂಕಿ ಜತೆ ನಿಮ್ಮದನ್ನು ಹೋಲಿಸಬೇಡಿ, ನಿಮ್ಮ ಹಿಂದಿನ ಅಂಕಿ ಜತೆ ಹೋಲಿಸಿ. ದಿನಾ ಅಳೆಯುವುದೂ ಬೇಡ, ಖಂಡ ಒಂದು ದಿನದಲ್ಲಿ ಬೆಳೆಯುವುದಿಲ್ಲ. ಹಾಗೇ, ಕುರ್ಚಿಯಲ್ಲಿ 16 ಸಲ ಎದ್ದೆ ಅಂತ ಶುಗರ್, ಬಿಪಿ ನೋಡಿಸುವುದನ್ನು ಬಿಡಬಾರದು. ಎರಡೂ ಬೇಕು.

ಈಗ ನನ್ನ ಕೋರಿಕೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಾಲಿನ ಡೈರಿ ಇದೆ. ಬೆಳಗ್ಗೆ, ಸಂಜೆ ಊರೆಲ್ಲ ಕ್ಯಾನು ಹಿಡಿದು ಅಲ್ಲಿಗೆ ಬರುತ್ತದೆ. ಹಸುವಿನ ಹಾಲಿಗೆ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ನೋಡುತ್ತಾರೆ, ಒಂದು ಪಾಯಿಂಟ್ ಇಳಿದರೂ ಏನಾಯಿತು, ಮೇವು ಬದಲಾಯಿತಾ ಅಂತ ಯೋಚಿಸುತ್ತಾರೆ. ಆ ಹಸುವನ್ನು ಸಾಕುವವರನ್ನೂ ಅದೇ ಜಗಲಿಯಲ್ಲಿ ಮೂರು ತಿಂಗಳಿಗೊಮ್ಮೆ ನೋಡಬಹುದಲ್ವಾ? ಕೈ ಇಲ್ಲದ, 17 ಇಂಚು ಎತ್ತರದ ಒಂದು ಗಟ್ಟಿ ಕುರ್ಚಿ, ನೆಲದ ಮೇಲೆ 3 ಮೀಟರ್‌ಗೆ ಬಣ್ಣದ ಗೆರೆ, ಗೋಡೆಗೆ ಒಂದು ಗಡಿಯಾರ, ಒಂದು ಟೇಪು. ಖರ್ಚು ಎಷ್ಟಾದೀತು? ಆಶಾ ಕಾರ್ಯಕರ್ತೆಯರ ತಲೆ ಮೇಲೆ ಇದನ್ನೂ ಹೊರಿಸಬೇಡಿ, ಅವರಿಗೆ ಈಗಲೇ ಬೇಕಾದಷ್ಟು ಕೆಲಸ ಇದೆ. ಊರಿನ ಓದಿದ ಹುಡುಗರು, ಸ್ತ್ರೀಶಕ್ತಿ ಸಂಘದವರು ಸಾಕು. ಮೈಸೂರಿನಲ್ಲಿ ಪಾಲಿಕೆಯವರು ಇದನ್ನೇ ಪಾರ್ಕುಗಳಲ್ಲಿ ಮಾಡಲಿ. ಕಬ್ಬಿಣದ ವ್ಯಾಯಾಮದ ಉಪಕರಣ ಹಾಕಿಸುವ ದುಡ್ಡಿನಲ್ಲಿ ಎಷ್ಟೋ ಪಾಲು ಕಡಿಮೆ ಸಾಕು. ಕೆರೆ ಸುತ್ತಿನ ದಾರಿಗಳಲ್ಲಿ ಎಲ್ಲೆಲ್ಲಿ ದೂರದ ಗುರುತು ಇಲ್ಲವೋ ಅಲ್ಲಿ ಅರ್ಧ ಕಿಲೋಮೀಟರಿಗೆ ಒಂದು ಕಲ್ಲು ನೆಡಿಸಲಿ.

ನಾನಂತೂ ನನ್ನ ಅಂಗಡಿಯಲ್ಲಿ ಶುರು ಮಾಡಿದ್ದೇನೆ. ಬ್ಲೌಸ್ ಅಳತೆಗೆ ಬಂದವರು ಒಪ್ಪಿದರೆ ಮಾತ್ರ ಹೊಟ್ಟೆ ಸುತ್ತಳತೆ, ಕುರ್ಚಿ ಲೆಕ್ಕ, ಬೆನ್ನ ಹಿಂದೆ ಕೈ ಎಲ್ಲಿವರೆಗೆ ಹೋಗುತ್ತದೆ ಅನ್ನುವುದು, ಇಷ್ಟನ್ನು ಅವರ ಪುಟದಲ್ಲೇ ಬರೆದಿಡುತ್ತೇನೆ. ಇಲ್ಲಿವರೆಗೆ 40 ಜನರಾಗಿದ್ದಾರೆ. ಮೂರು ತಿಂಗಳ ನಂತರ ಮತ್ತೆ ಬಂದವರು ಅರ್ಧದಷ್ಟು. ಉಳಿದವರಿಗೆ ನಾನೇ ಫೋನ್ ಮಾಡುತ್ತಿದ್ದೇನೆ.

ನಿಮ್ಮಲ್ಲೂ ಒಂದು ಬೇಡಿಕೆ ಇದೆ, ಸಂಪಾದಕರೇ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಮೊದಲ ಭಾನುವಾರ ಪತ್ರಿಕೆಯ ಒಂದು ಮೂಲೆಯಲ್ಲಿ ಅಂಗೈ ಅಗಲದ ಚೌಕ ಬಿಡಿ. ಅದರಲ್ಲಿ ನಾಡಿ, ಹೊಟ್ಟೆ, ಕುರ್ಚಿ, ಒಂಟಿ ಕಾಲು, ನಡಿಗೆ ಅಂತ ಐದು ಸಾಲು, ಪಕ್ಕದಲ್ಲಿ ಖಾಲಿ ಜಾಗ ಇರಲಿ. ಓದುವವರು ತುಂಬಿ, ಕತ್ತರಿಸಿ, ಕ್ಯಾಲೆಂಡರ್ ಹಿಂದೆ ಅಂಟಿಸಿಕೊಳ್ಳುತ್ತಾರೆ. ಅಕ್ಷರ ಸ್ವಲ್ಪ ದಪ್ಪ ಇರಲಿ, ನಮ್ಮ ಅತ್ತೆಯಂಥವರೂ ಓದಬೇಕು.

ಇಂತಿ,
ನಿಮ್ಮ ಓದುಗಿ, ಒಬ್ಬ ಟೈಲರ್
ಸರಸ್ವತಿಪುರಂ, ಮೈಸೂರು